ಪಬ್ಲಿಕ್ ಕೀ ಅಂದ್ರೆ ಬೀಗವೋ ಬೀಗದ ಕೈಯೋ? ಎಕ್ಸ್‌ಪೋರ್ಟ್‌ಗೆ ರಫ್ತು ಅನ್ನಬಹುದಾ?

ಎಲ್ರಿಗೂ ನಮಸ್ಕಾರ, ಕೋಲಾರದಿಂದ ಬರೀತಿದೀನಿ. ಈಮೇಲ್ ಎನ್‌ಕ್ರಿಪ್ಶನ್ (ಬೇರೆಯವರು ಓದೋಕಾಗದ ಹಾಗೆ ಮೇಲ್ ಮುಚ್ಚೋದು) ಕೀಗಳನ್ನ ವಿಂಡೋಸ್‌ನಿಂದ ಲಿನಕ್ಸ್‌ಗೋ ಮ್ಯಾಕ್‌ಗೋ ಒಯ್ಯೋದು ಹೇಗೆ ಅಂತ ಒಂದು ಸಣ್ಣ ಕೈಪಿಡಿ ಬರೆಯೋ ಕೆಲಸ ಹಿಡ್ಕೊಂಡಿದೀನಿ. ಯಾಕೆ ಈಗ ಅಂದ್ರೆ ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ನಿಂತೋಯ್ತು, ಇಲ್ಲಿ ಅನುವಾದದ ಕೆಲಸ ಮಾಡೋರು, ಒಬ್ಬಿಬ್ಬರು ವಕೀಲರು, ಇವರ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹತ್ತಲ್ಲ, ಮಷೀನ್ ನೋಡಿದ್ರೆ ಇನ್ನೂ ಗಟ್ಟಿಮುಟ್ಟಾಗಿದೆ ಬಿಸಾಕೋಕೆ ಮನಸಿಲ್ಲ, ಸರಿ ಅಂತ ಲಿನಕ್ಸ್‌ನಲ್ಲಿ ಮಿಂಟೋ ಉಬುಂಟೋ ಹಾಕಿಸ್ಕೊಂಡ್ರು, ಆಮೇಲೆ ನೋಡಿದ್ರೆ ಹಳೇ ಮೇಲ್ ಒಂದೂ ತೆರೀತಿಲ್ಲ ಯಾಕಂದ್ರೆ ಕೀ ವಿಂಡೋಸ್‌ನಲ್ಲೇ ಉಳ್ಕೊಂಡಿದೆ. ಫಾರ್ಮ್ಯಾಟ್ ಹೊಡೆಸೋಕೆ ಮುಂಚೆ ನಕಲು ತೆಗೆದಿಟ್ಟಿದ್ರೆ ಬಚಾವ್. ಇಲ್ಲಾಂದ್ರೆ ಆ ಮೇಲ್‌ಗಳನ್ನ ಮರೀಬೇಕಾಗುತ್ತೆ, ಯಾವ ಕಂಪನಿಗೆ ಫೋನ್ ಮಾಡಿದ್ರೂ ಬಿಚ್ಚಿಕೊಡಲ್ಲ.

ಟೆಕ್ನಿಕಲ್ ಭಾಗ ಅಷ್ಟೇನೂ ಕಷ್ಟ ಇಲ್ಲ. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಅನ್ನೋ ಎನ್‌ಕ್ರಿಪ್ಶನ್ ಸಾಫ್ಟ್‌ವೇರ್ ಬಿಟ್ಟಿದ್ದು, ಅದರಿಂದ ಓಪನ್‌ಪಿಜಿಪಿ ಅನ್ನೋ ಸ್ಟ್ಯಾಂಡರ್ಡ್ ಆಯ್ತು, ವರ್ನರ್ ಕಾಖ್ ಅನ್ನೋ ಜರ್ಮನಿಯವರು ಆ ಸ್ಟ್ಯಾಂಡರ್ಡ್ ಪ್ರಕಾರ ಮಾಡಿದ ಗ್ನೂಪಿಜಿ ಸಾಫ್ಟ್‌ವೇರ್ ಮೂರೂ ಸಿಸ್ಟಂನಲ್ಲಿ ಓಡುತ್ತೆ, ಹಾಗಾಗಿ ವಿಂಡೋಸ್‌ನಲ್ಲಿ ತೆಗೆದ ಫೈಲೇ ಮ್ಯಾಕ್‌ನಲ್ಲೂ ಲಿನಕ್ಸ್‌ನಲ್ಲೂ ಹತ್ತುತ್ತೆ. ಕಷ್ಟ ಇರೋದು ಕನ್ನಡದಲ್ಲಿ.

ಮೊದಲನೇ ತಕರಾರು ಕೀ. ಕಂಪ್ಯೂಟರ್ ಕನ್ನಡದಲ್ಲಿ ಇದಕ್ಕೆ ಕೀಲಿ ಅಂತ ಬರೆಯೋದು ರೂಢಿ ಅಲ್ವಾ, ಸಾರ್ವಜನಿಕ ಕೀಲಿ, ಖಾಸಗಿ ಕೀಲಿ ಅಂತ. ನಾನೂ ಹಾಗೇ ಬರೆದು ಕರಡು ಪ್ರತಿನ ನಾಕು ಜನಕ್ಕೆ ಕೊಟ್ಟೆ. ಇಲ್ಲಿಗೆ ಕೆಲಸದ ಮೇಲೆ ಬಂದು ನೆಲೆಸಿರೋ ಧಾರವಾಡ ಕಡೆಯ ಮೇಷ್ಟ್ರೊಬ್ರು ಓದಿ, "ಕೀಲಿ ಅಂದ್ರ ನಮ್ಮ ಕಡೆ ಬೀಗ ರೀ, ಬಾಗ್ಲಾ ಕೀಲಿ ಹಾಕು ಅಂತೀವಿ, ನೀವು ಹೇಳೂದು ಕೀಲಿಕೈ" ಅಂದ್ರು. ಕೋಲಾರದವರಿಗೆ ಕೀಲಿ ಅನ್ನೋದು ಪುಸ್ತಕದ ಮಾತು, ಬಾಯಲ್ಲಿ ಬರೋದು ಬೀಗ ಮತ್ತು ಬೀಗದ ಕೈ. ಮನೇಲಿ ತೆಲುಗು ಆಡೋರಿಗೆ ತಾಳಂ, ತಾಳಂ ಚೆವಿ. (ಬೀಗಕ್ಕೆ ನಾವು ಕೈ ಕೊಟ್ವಿ, ಅವ್ರು ಕಿವಿ ಕೊಟ್ರು.) ಅಂದ್ರೆ ಒಂದೇ ಕೀಲಿ ಪದ ಅರ್ಧ ರಾಜ್ಯಕ್ಕೆ ಲಾಕು, ಇನ್ನರ್ಧಕ್ಕೆ ಕೀ.

ಇದು ಬರೀ ಪಂಡಿತರ ಜಗಳ ಆಗಿದ್ರೆ ಬಿಟ್ಬಿಡ್ತಿದ್ದೆ. ಆದರೆ ಈ ವಿಷಯದಲ್ಲಿ ಎರಡು ಕೀ ಇರುತ್ತೆ, ಒಂದನ್ನ (ಪಬ್ಲಿಕ್ ಕೀ) ಊರಿಗೆಲ್ಲಾ ಹಂಚಬೇಕು, ಇನ್ನೊಂದನ್ನ (ಸೀಕ್ರೆಟ್ ಕೀ, ಅಂದ್ರೆ ಆ ಖಾಸಗಿ ಕೀಲಿ) ಹೆಂಡತಿಗೂ ಕೊಡಬಾರದು. ಪಬ್ಲಿಕ್ ಕೀ ಮಾಡೋ ಕೆಲಸ ನೋಡಿ, ಅದರಿಂದ ಮೇಲ್ ಮುಚ್ಚಬಹುದೇ ಹೊರತು ತೆರೆಯೋಕಾಗಲ್ಲ, ಮುಚ್ಚಿದೋನಿಗೂ ಆಗಲ್ಲ. ಅಂದ್ಮೇಲೆ ಅದು ಬೀಗನೇ, ಒತ್ತಿದ್ರೆ ಬಿದ್ದುಬಿಡೋ ಬೀಗ. ನಾನು ಬಾಯಿ ತೆರೆದಿರೋ ಬೀಗಗಳನ್ನ ಎಲ್ರಿಗೂ ಹಂಚಿರ್ತೀನಿ, ಕೈ ಮಾತ್ರ ನನ್ನ ಹತ್ರ. ಧಾರವಾಡದ ಮೇಷ್ಟ್ರ ಕೀಲಿ, ಕೀಲಿಕೈ ಜೋಡಿ ಇಲ್ಲಿ ಇಂಗ್ಲಿಷಿಗಿಂತ ಸರಿಯಾಗಿ ಕೂತ್ಕೊಳ್ಳುತ್ತೆ ಅಂತ ನನ್ನ ಅಭಿಪ್ರಾಯ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಕೀ ಅಂದಿದ್ದರಿಂದ್ಲೇ ಗೊಂದಲ, ಇಲ್ಲಿ ಒಬ್ರು "ನಿಮ್ಮ ಕೀ ಕಳ್ಸಿ" ಅಂದಿದ್ದಕ್ಕೆ ಸೀಕ್ರೆಟ್ ಕೀ ಫೈಲನ್ನೇ ಮೇಲ್‌ಗೆ ಅಂಟಿಸಿ ಕಳ್ಸಿಬಿಟ್ಟಿದ್ರು. "ನಿಮ್ಮ ಬೀಗ ಕಳ್ಸಿ" ಅಂದಿದ್ರೆ ಯಾರೂ ಬೀಗದ ಕೈ ಕಳಿಸ್ತಿರಲಿಲ್ಲ.

ಹಾಗಾಗಿ ಕೈಪಿಡೀಲಿ ಪಬ್ಲಿಕ್ ಕೀಗೆ ಬೀಗ, ಸೀಕ್ರೆಟ್ ಕೀಗೆ ಬೀಗದ ಕೈ ಅಂತ ಬರೆಯೋಣ ಅಂತಿದೀನಿ. ಅಡ್ಡಿ ಎರಡು. ಒಂದು ತಮಾಷೇದು, ಸಾರ್ವಜನಿಕ ಬೀಗ ಅಂತ ಬರೆದಿದ್ದನ್ನ ಓದಿ ನಮ್ಮ ದೊಡ್ಡಪ್ಪ "ಯಾರಪ್ಪಾ ಅದು ಊರಿಗೆಲ್ಲಾ ಬೀಗ ಆದೋನು, ಮದುವೆ ಯಾವಾಗ ಆಯ್ತು" ಅಂದ್ರು. ಅದಕ್ಕೆ ಸಾರ್ವಜನಿಕ ಅನ್ನೋದನ್ನ ಕಿತ್ತು ಹಂಚೋ ಬೀಗ ಅಂತ ಮಾಡಿದೀನಿ. ಎರಡನೇದು ನಿಜವಾದ ಅಡ್ಡಿ. ಮೇಲ್ ನಾನೇ ಬರೆದಿದ್ದು ಅಂತ ತೋರಿಸೋಕೆ ಡಿಜಿಟಲ್ ಸಹಿ ಮಾಡುವಾಗ ಎಲ್ಲಾ ತಿರುಗಾಮುರುಗಾ, ಸೀಕ್ರೆಟ್ ಕೀಯಿಂದ ಸಹಿ ಹಾಕ್ತೀವಿ, ಪಬ್ಲಿಕ್ ಕೀಯಿಂದ ಆ ಸಹಿ ನಿಜಾನಾ ಅಂತ ನೋಡ್ತಾರೆ. ಬೀಗದ ಕೈಯಿಂದ ರುಜು ಹಾಕೋದು ಎಲ್ಲಾದ್ರೂ ಉಂಟಾ? ಒಳಗೆ ನೋಡಿದ್ರೆ ಅವು ಸಾಮಾನ್ಯವಾಗಿ ಬೇರೆ ಬೇರೆನೇ, ಗ್ನೂಪಿಜಿ ಹೊಸ ಕೀ ಮಾಡಿದಾಗ ಸಹಿಗೊಂದು ಮುಖ್ಯ ಕೀ, ಎನ್‌ಕ್ರಿಪ್ಶನ್‌ಗೊಂದು ಸಬ್‌ಕೀ (ಉಪ ಕೀ) ಅಂತ ಮಾಡುತ್ತೆ, ಎರಡೂ ಒಂದೇ ಫೈಲ್‌ನಲ್ಲಿ ಬರುತ್ತೆ. ಸಹಿ ಭಾಗಕ್ಕೆ ಮೊಹರು ಅನ್ನೋಣ ಅಂದ್ರೆ, ಮೊಹರು ಹಾಕೋದು ಸೀಕ್ರೆಟ್ ಕೀ ಸರಿ, ಮೊಹರು ಪರೀಕ್ಷೆ ಮಾಡೋ ಪಬ್ಲಿಕ್ ಕೀಗೆ ಏನನ್ನೋದು? ಬ್ಯಾಂಕ್‌ನವರ ಹತ್ರ ಇರುತ್ತಲ್ಲ ಮಾದರಿ ಸಹಿ, ಅದು ಹತ್ತಿರ ಬರುತ್ತೆ ಅನ್ಸುತ್ತೆ, ಆದರೆ ಮಾದರಿ ಸಹಿ ನೋಡ್ಕೊಂಡು ಫೋರ್ಜರಿ ಮಾಡಬಹುದು, ಇದನ್ನ ನೋಡ್ಕೊಂಡು ಮಾಡೋಕಾಗಲ್ಲ. ಬಲ್ಲವರು ಯೋಚಿಸಿ ಹೇಳಿ.

ಮುಂದೆ ಎಕ್ಸ್‌ಪೋರ್ಟ್, ಇಂಪೋರ್ಟ್, ಅಂದ್ರೆ ಕೀನ ಫೈಲಾಗಿ ಹೊರಗೆ ತೆಗೆಯೋದು, ಹೊಸ ಮಷೀನ್‌ಗೆ ಸೇರಿಸೋದು. ರಫ್ತು, ಆಮದು ಅಂತ ಅನುವಾದ ಮಾಡಿರೋದನ್ನ ನೋಡಿದೀನಿ, ನನಗೆ ಸುತಾರಾಂ ಒಪ್ಪಿಗೆ ಇಲ್ಲ. ಕೋಲಾರದ ಎಪಿಎಂಸಿಯಿಂದ ಟೊಮ್ಯಾಟೊ ಲಾರಿ ಹೊರಟ ಮೇಲೆ ಮಂಡೀಲಿ ಆ ಹಣ್ಣು ಉಳಿಯಲ್ಲ, ರಫ್ತು ಅಂದ್ರೆ ಇಲ್ಲಿಂದ ಹೋಯ್ತು ಅಂತಲೇ ನಮ್ಮೋರ ತಲೇಲಿ ಬರೋದು. ಕೀ ಹಾಗಲ್ಲ, ಹೊರಗೆ ಹೋಗೋದು ಪ್ರತಿ, ಅಸಲು ಹಳೇ ಮಷೀನ್‌ನಲ್ಲೇ ಕೂತಿರುತ್ತೆ. ರಫ್ತು ಮಾಡಿಯಾಯ್ತಲ್ಲ ಅಂತ ಹಳೇ ಲ್ಯಾಪ್‌ಟಾಪನ್ನ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಕೊಟ್ರೆ ಸೀಕ್ರೆಟ್ ಕೀ ಅದರ ಜೊತೆಗೇ ಹೋಗುತ್ತೆ, ಆಮೇಲೆ ನಡುವೆ ನಿಂತಿರೋದು ಪಾಸ್‌ಫ್ರೇಸ್ (ಕೀಗೆ ಹಾಕಿರೋ ಉದ್ದ ಪಾಸ್‌ವರ್ಡ್) ಒಂದೇ. ತಮಾಷೆ ಅಂದ್ರೆ ಸಾಫ್ಟ್‌ವೇರ್ ಮಾಡೋರಲ್ಲೇ ಒಮ್ಮತ ಇಲ್ಲ, ವಿಂಡೋಸ್‌ನಲ್ಲಿ ಕೀ ನೋಡ್ಕೊಳ್ಳೋ ಸಾಫ್ಟ್‌ವೇರ್ ಕ್ಲಿಯೋಪಾತ್ರದಲ್ಲಿ ಎಕ್ಸ್‌ಪೋರ್ಟ್ ಒತ್ತಿದ್ರೆ ಪಬ್ಲಿಕ್ ಕೀ ಮಾತ್ರ ಬರುತ್ತೆ, ಸೀಕ್ರೆಟ್ ಬೇಕಂದ್ರೆ ಬ್ಯಾಕಪ್ ಅನ್ನೋ ಬೇರೆ ಮೆನು, ಮ್ಯಾಕ್‌ನಲ್ಲಿ ಅದೇ ಕೆಲಸದ ಜಿಪಿಜಿ ಕೀಚೈನ್‌ನಲ್ಲಿ ಎಕ್ಸ್‌ಪೋರ್ಟ್ ಒಂದೇ, ಸೀಕ್ರೆಟ್ ಕೀ ಸೇರಿಸು ಅಂತ ಟಿಕ್ ಹಾಕಬೇಕು. ಎಷ್ಟೋ ಜನ ಎಕ್ಸ್‌ಪೋರ್ಟ್ ಮಾಡ್ಕೊಂಡ್ವಿ ಅಂತ ಧೈರ್ಯವಾಗಿ ಫಾರ್ಮ್ಯಾಟ್ ಹೊಡೆಸೋದು ಇಲ್ಲೇ, ಪೆನ್‌ಡ್ರೈವ್‌ನಲ್ಲಿ ನೋಡಿದ್ರೆ ಬೀಗ ಇದೆ ಕೈ ಇಲ್ಲ. ಅದಕ್ಕೆ ನಾನು ನಕಲು ತೆಗೆ, ನಕಲು ಸೇರಿಸು ಅಂತ ಇಟ್ಟಿದೀನಿ. ತಾಲ್ಲೂಕು ಆಫೀಸ್‌ನಲ್ಲಿ ನಕಲು ತೆಗೆಸಿ ಗೊತ್ತಿರೋರಿಗೆ ಅಸಲು ಅಲ್ಲೇ ಇರುತ್ತೆ ಅಂತ ಗೊತ್ತು. ನಕಲಿ ಅಂತ ಓದ್ಕೊಳ್ತಾರೆ ಅಂತ ಒಬ್ರ ಆಕ್ಷೇಪ, ನನಗೆ ಹಾಗೆ ಅನ್ಸಲ್ಲ.

ನಕಲು ತೆಗೆಯೋ ವಿಷಯ ಬಂದಿದ್ದಕ್ಕೆ ಒಂದು ಮಾತು, ಇದು ಪದದ ವಿಷಯ ಅಲ್ಲ ಆದ್ರೂ ಉಪಯೋಗಕ್ಕೆ ಬರುತ್ತೆ. ವಿಂಡೋಸ್‌ನ ಹಳೇ ಪವರ್‌ಶೆಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಬಾಣದ ಗುರುತು (>) ಹಾಕಿ ಕೀನ ಫೈಲ್‌ಗೆ ತಳ್ಳಿದ್ರೆ ಅದು ಯುಟಿಎಫ್-16 ಅನ್ನೋ ಬೇರೆ ಅಕ್ಷರ ಸಂಕೇತದಲ್ಲಿ ಬರೆಯುತ್ತೆ, ತೆರೆದು ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ, ಲಿನಕ್ಸ್‌ನಲ್ಲಿ ಸೇರಿಸೋಕೆ ಹೋದ್ರೆ ಓಪನ್‌ಪಿಜಿಪಿ ಡೇಟಾನೇ ಸಿಗ್ತಿಲ್ಲ ಅನ್ನುತ್ತೆ. ಬಾಣ ಬಿಟ್ಟು ಔಟ್‌ಪುಟ್ ಆಪ್ಷನ್ (--output) ಕೊಡಿ, ಇಲ್ಲಾ ಕ್ಲಿಯೋಪಾತ್ರದ ಮೆನುನೇ ಬಳಸಿ. ಥಂಡರ್‌ಬರ್ಡ್ ಅನ್ನೋ ಮೇಲ್ ಸಾಫ್ಟ್‌ವೇರ್ 2020ರ 78ನೇ ಆವೃತ್ತಿಯಿಂದ ಕೀಗಳ ತನ್ನದೇ ಗೊಂಚಲು ಇಟ್ಕೊಂಡಿದೆ, ಗ್ನೂಪಿಜಿಗೆ ಸೇರಿಸಿದ್ರೆ ಅದಕ್ಕೆ ತಾನಾಗೇ ಕಾಣಲ್ಲ, ಅಲ್ಲೂ ಒಂದ್ಸಲ ಸೇರಿಸಬೇಕು.

ಗೊಂಚಲು ಅಂದೆನಲ್ಲ, ಕೀರಿಂಗ್‌ಗೆ (ಕೀಗಳನ್ನೆಲ್ಲಾ ಇಡೋ ಜಾಗ) ಈ ಪದ ಯಾರೂ ಬೇಡ ಅನ್ನಲಿಲ್ಲ, ಬೀಗದ ಕೈ ಗೊಂಚಲು ಅಂತ ಮನೇಲಿ ಅನ್ನೋದೇ ಅದು. ಸರ್ಟಿಫಿಕೇಟ್ ಅನ್ನೋದನ್ನ ಮುಟ್ಟಿಲ್ಲ, ಕ್ಲಿಯೋಪಾತ್ರ ಕೀಗೇ ಸರ್ಟಿಫಿಕೇಟ್ ಅನ್ನುತ್ತೆ, ಜಾತಿ ಆದಾಯ ಸರ್ಟಿಫಿಕೇಟ್ ನೆನಪಾದ್ರೆ ಆಗ್ಲಿ ಬಿಡಿ.

ಫಿಂಗರ್‌ಪ್ರಿಂಟ್‌ನಲ್ಲಿ, ಅಂದ್ರೆ ಯಾವ ಕೀ ಅಂತ ಗುರುತು ಹಿಡಿಯೋ ಅಕ್ಷರಗಳ ಸಾಲಲ್ಲಿ, ಮಾತ್ರ ಸಿಕ್ಕಾಕೊಂಡಿದೀನಿ. ಹೊಸ ಮಷೀನ್‌ಗೆ ಕೀ ಬಂದಮೇಲೆ ಅದರ 40 ಅಕ್ಷರದ ಫಿಂಗರ್‌ಪ್ರಿಂಟನ್ನ ಹಳೇದರ ಜೊತೆ ತಾಳೆ ನೋಡಿ ಅಂತ ಬರೀಬೇಕು. ಬೆರಳಚ್ಚು ಅಂತ ಬರೆದ್ರೆ ಟೈಪಿಂಗ್ ಅಂತ ಆಗುತ್ತೆ, ನಮ್ಮಲ್ಲಿ ಬೆರಳಚ್ಚುಗಾರ ಅಂದ್ರೆ ಟೈಪಿಸ್ಟು. "40 ಅಕ್ಷರದ ಬೆರಳಚ್ಚು" ಅಂದ್ರೆ ಟೈಪ್ ಮಾಡಬೇಕಾ ಅಂತ ಒಬ್ರು ಕೇಳೇಬಿಟ್ರು. ಬೆರಳಗುರುತು ಪೊಲೀಸ್ ಸ್ಟೇಷನ್ ವಾಸನೆ ಹೊಡೆಯುತ್ತೆ, ಹೆಬ್ಬೆಟ್ಟು ಅಂದ್ರೆ ಓದು ಬರಹ ಇಲ್ಲದೋರು ಅನ್ನೋ ಅರ್ಥನೂ ಇದೆ. ಗುರುತುಸಾಲು ಅಂತ ಹೊಸದಾಗಿ ಮಾಡಿದ್ರೆ ಹೇಗೆ?

ಟ್ರಸ್ಟ್ ಕೂಡ ಹಾಗೇ, ಅಂದ್ರೆ ಒಂದು ಕೀಯವರನ್ನ ಎಷ್ಟು ನಂಬ್ತೀವಿ ಅಂತ ಗ್ನೂಪಿಜಿಗೆ ಹೇಳೋ ಮೆಟ್ಟಿಲುಗಳು. ಕೀ ಸೇರಿಸಿದ ಮೇಲೆ ನಮ್ಮದೇ ಕೀಗೂ ನಂಬಿಕೆ ಗೊತ್ತಿಲ್ಲ ಅಂತ ತೋರಿಸುತ್ತೆ, ಐದನೇ ಮೆಟ್ಟಿಲಿಗೆ, ಅಲ್ಟಿಮೇಟ್‌ಗೆ, ಏರಿಸಬೇಕು, ಅದಕ್ಕೆ ಕೆಳಗಿರೋದು ಫುಲ್. ಪೂರ್ತಿ ನಂಬಿಕೆ ಅಂತ ನಾಲ್ಕನೇದಕ್ಕೆ ಬಳಸಿಬಿಟ್ರೆ ಐದನೇದಕ್ಕೆ ಏನು ಉಳೀತು, ಪರಮ ನಂಬಿಕೆ ಅಂದ್ರೆ ಭಜನೆ ಥರ ಇದೆ. ಐದನೇದು ಇರೋದು ನಮ್ಮ ಸ್ವಂತ ಕೀಗೆ ಅಂತಲೇ, ಹಾಗಾಗಿ "ಇದು ನನ್ನದೇ" ಅಂತ ಬರೆದುಬಿಡೋದಾ?

ಧಾರವಾಡ, ವಿಜಯಪುರ ಕಡೆಯವರು ಮುಖ್ಯವಾಗಿ ಒಂದು ಹೇಳಿ, ಕೋಲಾರದ ಬೀಗ, ಬೀಗದ ಕೈ ಓದಿದ್ರೆ ನಿಮಗೆ ತೊಡಕಾಗುತ್ತಾ ಇಲ್ವಾ? ತೊಡಕಿಲ್ಲ ಅಂದ್ರೆ ಕೀಲಿ ಅನ್ನೋದನ್ನ ಪೂರ್ತಿ ತೆಗೆದು ಪ್ರಿಂಟ್‌ಗೆ ಕೊಡ್ತೀನಿ.