ಸಹಾಯ ಬೇಕು: ‘ಬ್ರಿಡ್ಜ್ ಟು ಟೆರಾಬಿತಿಯಾ’ವನ್ನು ಮಕ್ಕಳೊಂದಿಗೆ ನೋಡಿದವರಿದ್ದೀರಾ?

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ನಮ್ಮೂರ ಗ್ರಂಥಾಲಯದಲ್ಲಿ ಮಕ್ಕಳಿಗೆ 2007ರ ಈ ಚಿತ್ರ ತೋರಿಸಬೇಕೆಂದಿದ್ದೇನೆ. ಕ್ಯಾಥರೀನ್ ಪ್ಯಾಟರ್ಸನ್ ಅವರ 1977ರ ಮಕ್ಕಳ ಕಾದಂಬರಿ ಆಧರಿಸಿದ್ದು. ಪೋಸ್ಟರ್ ನೋಡಿದರೆ ಬರೀ ಮಾಯಾಲೋಕ ಅನ್ನಿಸುತ್ತದೆ. ಕಥೆಯ ಜೀವಾಳ ಮಾತ್ರ ಇಬ್ಬರು ಮಕ್ಕಳ ಗೆಳೆತನ. ಕಥೆ ಬಿಟ್ಟುಕೊಡದೆ ಪ್ರಶ್ನೆ ಕೇಳಲಾಗದು, ಕ್ಷಮಿಸಿ: ಹಳ್ಳ ದಾಟುವ ಹಗ್ಗ ತುಂಡಾಗಿ ಲೆಸ್ಲಿ ಎಂಬ ಹುಡುಗಿ ತೀರಿಕೊಳ್ಳುತ್ತಾಳೆ. ಸಾವನ್ನು ಪರದೆಯ ಮೇಲೆ ತೋರಿಸುವುದಿಲ್ಲ, ಸುದ್ದಿಯಾಗಿ ಮನೆಗೆ ಬರುತ್ತದೆ. ನನಗಂತೂ ಅದೇ ಹೆಚ್ಚು ಸಂಕಟವಾಯಿತು.

ನಮ್ಮ ಮಕ್ಕಳಲ್ಲಿ ಹಲವರು ಕಾಲುಸಂಕ ದಾಟಿಯೇ ಶಾಲೆಗೆ ಬರುವವರು. ಆಷಾಢದಲ್ಲಿ ಕೆಂಪು ನೀರು ಸಂಕದ ಅಡಿಗೇ ತಾಗಿ ಹರಿಯುತ್ತದೆ. ಚಿಕ್ಕವರು ಕೊಡೆ ಮಡಚಿ ಕಂಕುಳಲ್ಲಿಟ್ಟು, ಪಕ್ಕದ ಬಿದಿರು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾರೆ. ಅವರಿಗೆ ಇದನ್ನು ತೋರಿಸಿದರೆ ಭಯ ಹೊಕ್ಕೀತೇ, ಎಚ್ಚರ ಬಂದೀತೇ?

ಎಂಟು, ಒಂಬತ್ತು ವರ್ಷದವರೊಂದಿಗೆ ನೋಡಿದವರು ದಯವಿಟ್ಟು ಬರೆಯಿರಿ. ಸಾವಿನ ವಿಷಯ ಮೊದಲೇ ಹೇಳಿದಿರಾ? ಮುಗಿದ ಮೇಲೆ ಮಕ್ಕಳು ಏನು ಕೇಳಿದರು? ‘ಚೆನ್ನಾಗಿದೆ’ ಎಂಬ ಒಂದು ಮಾತಿಗಿಂತ ನಿಮ್ಮ ಮಗು ಹೇಗೆ ತೆಗೆದುಕೊಂಡಿತು ಎಂಬುದೇ ನನಗೆ ಬೇಕು. ಸಣ್ಣವರಿಗೆ ಬೇಡ ಎನ್ನುವುದಾದರೆ ಏಳನೆಯ ತರಗತಿಯವರಿಗೆ ಮಾತ್ರ ತೋರಿಸುತ್ತೇನೆ.