ಚಿತ್ರ ಬರೀ ಕಪ್ಪು ಬರುತ್ತಿದೆ, ತಲೆ ಕೆಟ್ಟುಹೋಗಿದೆ

ಬಣ್ಣದ ಡಬ್ಬಿ
ಎಲ್ಲರಿಗೂ ನಮಸ್ಕಾರ. ಬರೆದು ಕೊಟ್ಟ ವಿವರಣೆಯಿಂದ (ಪ್ರಾಂಪ್ಟ್) ಚಿತ್ರ ಮಾಡುವ ಸ್ಟೇಬಲ್ ಡಿಫ್ಯೂಷನ್ 1.5 ಅನ್ನು ಲ್ಯಾಪ್‌ಟಾಪಿನಲ್ಲೇ ಹಾಕಿಸಿಕೊಂಡಿದ್ದೇನೆ. ಚಿತ್ರ ಸೇವ್ ಆಗುತ್ತದೆ. ಫೋನಿಗೆ ಕಳಿಸಿ ಕಾಣದವರಿಗೆ ಚಿತ್ರ ವಿವರಿಸುವ ಆಪಿನಲ್ಲಿ ಕೇಳಿದರೆ "ಈ ಚಿತ್ರ ಪೂರ್ತಿ ಕಪ್ಪಾಗಿದೆ" ಅನ್ನುತ್ತದೆ. ಬೇರೆ ಆಪಿನಲ್ಲಿ ಕೇಳಿದೆ, ಅದೂ ಅದನ್ನೇ ಹೇಳಿತು. ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಹೊಸದೇ ಇದೆ, ಎಲ್ಲ ಸರಿಯಾಗಿಯೇ ಇನ್‌ಸ್ಟಾಲ್ ಆಗಿದೆ. ಮುಂದಿನ ತಿಂಗಳು ಒಂದು ಪ್ರದರ್ಶನಕ್ಕೆ ಚಿತ್ರ ಕೊಡಬೇಕು. ದಯವಿಟ್ಟು ಬೇಗ ಹೇಳಿ.

ಹಳೆ ರೇಡಿಯೊ
ಪರದೆಯನ್ನು ಕಪ್ಪು ಮಾಡುವ ಸ್ಕ್ರೀನ್ ಕರ್ಟನ್ ಆನ್ ಆಗಿರುತ್ತದೆ. ಎನ್‌ವಿಡಿಎ, ಕಂಟ್ರೋಲ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ನೂರಕ್ಕೆ ನೂರು ಇದೇ.

ಬಣ್ಣದ ಡಬ್ಬಿ
ಕರ್ಟನ್ ಹಾಕಿಲ್ಲ ಸರ್. ನನಗೆ ಆರ್‌ಪಿ (ಅಂಚಿನಿಂದ ದೃಷ್ಟಿ ಹೋಗುವ ಕಣ್ಣಿನ ಕಾಯಿಲೆ), ನಡುವೆ ಸ್ವಲ್ಪ ಕಾಣುತ್ತದೆ. ದೊಡ್ಡದು ಮಾಡಿ ನೋಡಿದರೂ ಕಪ್ಪೇ.

ಹಳೆ ರೇಡಿಯೊ
ಸ್ವಲ್ಪ ಕಾಣುತ್ತದೆ ಅಂತ ಮೊದಲೇ ಹೇಳಬಾರದಾ? ಆದರೂ ಒಮ್ಮೆ ಒತ್ತಿ ನೋಡಿ. ಕೈತಪ್ಪಿ ಆನ್ ಆಗಿರುವುದು ಉಂಟು.

ಆರು ಚುಕ್ಕಿ
ರೇಡಿಯೊ ಸರ್, ಕರ್ಟನ್ ಪರದೆಯನ್ನು ಕಪ್ಪು ಮಾಡುತ್ತದೆ, ಫೈಲನ್ನಲ್ಲ. ಅವರು ಫೈಲನ್ನೇ ಫೋನಿಗೆ ಕಳಿಸುತ್ತಿದ್ದಾರೆ.

ಡಬ್ಬಿ ಅವರೇ, ಫೈಲಿನ ಮೇಲೆ ನಿಂತು ಆಲ್ಟ್ ಎಂಟರ್ ಒತ್ತಿ ಸೈಜ್ ಕೇಳಿಸಿಕೊಳ್ಳಿ. 512 ಪಿಕ್ಸೆಲ್ ಅಗಲ, 512 ಪಿಕ್ಸೆಲ್ ಎತ್ತರದ ಪಿಎನ್‌ಜಿಯಲ್ಲಿ ನಿಜವಾಗಿ ಏನಾದರೂ ಇದ್ದರೆ ಕೆಲವು ನೂರು ಕೆಬಿ ಇರುತ್ತದೆ. ಬರೀ ಕಪ್ಪಾದರೆ ಒಂದೆರಡು ಕೆಬಿ, ಅಷ್ಟೇ. ಇದಕ್ಕೆ ಕಣ್ಣೂ ಬೇಡ, ಆಪೂ ಬೇಡ.

ಫ್ಯಾನ್ ಸದ್ದು
ಗ್ರಾಫಿಕ್ಸ್ ಕಾರ್ಡ್ 16 ಸರಣಿಯದು ತಾನೇ? 1650 ಅಥವಾ 1660 ಇರಬೇಕು. ಅವುಗಳಲ್ಲಿ ಹಾಫ್ ಪ್ರಿಸಿಷನ್ (ಅರ್ಧ ನಿಖರತೆಯ) ಲೆಕ್ಕ ಎಡವಟ್ಟಾಗಿ ಚಿತ್ರ ಕಪ್ಪು ಬರುತ್ತದೆ, ಎಲ್ಲರಿಗೂ ಗೊತ್ತಿರುವ ವಿಷಯ. ಫುಲ್ ಪ್ರಿಸಿಷನ್ ಹಾಕಿ, ನೋ ಹಾಫ್ ಹಾಕಿ, ಮುಗಿಯಿತು. ನನ್ನದು 3060, 12 ಜಿಬಿ. ಒಂದು ದಿನ ಕೈಕೊಟ್ಟಿಲ್ಲ. ಮೊನ್ನೆ ಇನ್ನೂ 32 ಜಿಬಿ ರ‍್ಯಾಮ್ ಹಾಕಿಸಿದೆ.

ಬಣ್ಣದ ಡಬ್ಬಿ
ಚುಕ್ಕಿ ಮೇಡಂ, ಕಪ್ಪು ಬಂದವು ಒಂದು ಕೆಬಿ ಆಸುಪಾಸು. ಸರಿ ಬಂದವು ನಾನೂರರ ಹತ್ತಿರ.

ಆರು ಚುಕ್ಕಿ
ಸರಿ ಬಂದವೂ ಇವೆಯಾ?! ಅದನ್ನು ಮೊದಲು ಹೇಳಬೇಕಿತ್ತಲ್ಲ. ಹಾಗಾದರೆ ಫ್ಯಾನ್ ಅವರ 16 ಸರಣಿ ಕತೆ ಇಲ್ಲಿಗೆ ಹೊಂದುವುದಿಲ್ಲ. ಅದಾದರೆ ಏನು ಕೇಳಿದರೂ ಕಪ್ಪೇ ಬರಬೇಕು.

ಫ್ಯಾನ್ ಸದ್ದು
ಕೊನೆಗೆ ಚಿತ್ರಕ್ಕೆ ರೂಪ ಕೊಡುವ ವಿಎಇ ಹಂತದಲ್ಲಿ ಮಾತ್ರ ಕೆಡುತ್ತಿದ್ದರೆ ಕೆಲವು ಬಂದು ಕೆಲವು ಬರದೇ ಇರಬಹುದು. ನೋ ಹಾಫ್ ವಿಎಇ ಹಾಕಲಿ. ಕಾರ್ಡ್ ಯಾವುದು ಅಂತ ಇನ್ನೂ ಹೇಳಿಲ್ಲ ಅವರು.

ಬಣ್ಣದ ಡಬ್ಬಿ
ಆರ್‌ಟಿಎಕ್ಸ್ 3050.

ಫ್ಯಾನ್ ಸದ್ದು
ಲ್ಯಾಪ್‌ಟಾಪ್ 3050 ಅಂದರೆ ಹೆಚ್ಚಾಗಿ 4 ಜಿಬಿ. ಮೆಮೊರಿ ಸಾಲುತ್ತಿಲ್ಲ.

ಕೆಂಪಿರುವೆ
ಮೆಮೊರಿ ಸಾಲದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ ಗುರುವೇ, ಕಪ್ಪು ಫೈಲ್ ಸೇವ್ ಮಾಡಿ ಸುಮ್ನೆ ಕೂರುವುದಿಲ್ಲ.

ಡಬ್ಬಿ ಅಕ್ಕ, ಎರಡು ಪ್ರಶ್ನೆ. ಇದನ್ನು ಯಾವ ಪ್ರೋಗ್ರಾಮಿನಲ್ಲಿ ನಡೆಸುತ್ತಿದ್ದೀರಿ, ಆಟೊಮ್ಯಾಟಿಕ್ 1111ನಲ್ಲಾ, ಕಂಫಿಯಲ್ಲಾ? ಕಪ್ಪು ಬಂದಾಗ ಕೊಟ್ಟ ಪ್ರಾಂಪ್ಟ್ ಏನು?

ಬಣ್ಣದ ಡಬ್ಬಿ
ಕಂಫಿ ನನ್ನಿಂದಾಗಲಿಲ್ಲ. ಡಬ್ಬಗಳನ್ನು ಮೌಸಿನಲ್ಲಿ ಎಳೆದು ತಂತಿ ಜೋಡಿಸಬೇಕಂತೆ, ಎನ್‌ವಿಡಿಎಗೆ ಅಲ್ಲಿ ಓದಲು ಏನೂ ಸಿಗುವುದಿಲ್ಲ. ಅಕ್ಕನ ಮಗ ಡಿಫ್ಯೂಸರ್ಸ್ ಅನ್ನುವ ಪೈಥಾನ್ ಲೈಬ್ರರಿಯಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದುಕೊಟ್ಟಿದ್ದಾನೆ. ನೋಟ್‌ಪ್ಯಾಡಿನಲ್ಲಿ ಪ್ರಾಂಪ್ಟ್ ಬರೆದು ಎಂಟರ್ ಒತ್ತಿದರೆ ಸಾಕು.

ಮಾಡುತ್ತಿರುವುದು ಶ್ರವಣಬೆಳಗೊಳದ ಬಾಹುಬಲಿಯ ಸರಣಿ. 2018ರ ಮಹಾಮಸ್ತಕಾಭಿಷೇಕದಲ್ಲಿ ನನಗೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಹಾಲು, ಕಬ್ಬಿನ ಹಾಲು, ಅರಿಸಿನ, ಚಂದನ ಒಂದೊಂದಾಗಿ ಮೈಮೇಲೆ ಇಳಿಯುವಾಗ ಮೂರ್ತಿಯ ಬಣ್ಣ ಬದಲಾಗುತ್ತಿದ್ದದ್ದು ತಲೆಯಲ್ಲಿ ಉಳಿದಿದೆ. ಅದನ್ನೇ ಕೇಳುತ್ತಿದ್ದೇನೆ. ಪ್ರಾಂಪ್ಟ್ ದೊಡ್ಡದಿದೆ. ನಿಂತ ದಿಗಂಬರ ಮೂರ್ತಿ, ಏಕಶಿಲೆ, ಕೈಕಾಲಿಗೆ ಬಳ್ಳಿ, ಮೇಲಿನಿಂದ ಅರಿಸಿನದ ನೀರು, ಹೀಗೆ. ಸರಿ ಬಂದ ಚಿತ್ರಗಳು ಬೆಟ್ಟ, ಕೊಳ, ಮೆಟ್ಟಿಲು.

ಕೆಂಪಿರುವೆ
ಸಿಕ್ಕಿತು. ಡಿಫ್ಯೂಸರ್ಸ್‌ನಲ್ಲಿ 1.5 ಜೊತೆ ಸೇಫ್ಟಿ ಚೆಕ್ಕರ್ ಅಂತ ಒಂದು ಬರುತ್ತದೆ. ಅದು ಪ್ರಾಂಪ್ಟ್ ಓದುವುದಿಲ್ಲ. ತಯಾರಾದ ಚಿತ್ರವನ್ನು ಜಾಲಾಡಿ, ಬೆತ್ತಲೆ ಮೈ ಅಂತ ಅನುಮಾನ ಬಂದರೆ ಅದನ್ನು ಎಸೆದು ಕಪ್ಪು ಚಿತ್ರ ವಾಪಸ್ ಕೊಡುತ್ತದೆ. ಕಲ್ಲಿನ ಮೂರ್ತಿಯೋ ಮನುಷ್ಯನೋ ಅದಕ್ಕೆ ಒಂದೇ. ಹಾಗೆ ಎಸೆದಾಗ ಸ್ಕ್ರಿಪ್ಟ್ ಓಡುವ ಟರ್ಮಿನಲ್‌ನಲ್ಲಿ ಒಂದು ಸಾಲು ಬರುತ್ತದೆ, ಬೇರೆ ಸೀಡ್ (ಚಿತ್ರ ಶುರುವಾಗುವ ಸಂಖ್ಯೆ) ಅಥವಾ ಬೇರೆ ಪ್ರಾಂಪ್ಟ್ ಹಾಕಿ ಅಂತ. ಎನ್‌ವಿಡಿಎ ಓದಲಿಲ್ಲವಾ?

ಬಣ್ಣದ ಡಬ್ಬಿ
ಟರ್ಮಿನಲ್ ಓದುವುದನ್ನು ಎನ್‌ವಿಡಿಎ ಮತ್ತು 5 ಒತ್ತಿ ನಿಲ್ಲಿಸಿದ್ದೇನೆ. ಇಲ್ಲದಿದ್ದರೆ ಎರಡು ಪರ್ಸೆಂಟ್, ನಾಲ್ಕು ಪರ್ಸೆಂಟ್ ಅಂತ ನೂರರವರೆಗೆ ಬಡಬಡಿಸುತ್ತದೆ.

ಹಳೆ ರೇಡಿಯೊ
ಸ್ಕ್ರೀನ್ ರೀಡರ್ ಜಾಸ್ ಆಗಿದ್ದರೆ ಈ ರಗಳೆ ಇರುತ್ತಿರಲಿಲ್ಲ.

ಆರು ಚುಕ್ಕಿ
ಜಾಸ್ ಲೈಸೆನ್ಸಿನ ದುಡ್ಡು ನೀವು ಕೊಡುತ್ತೀರಾ ಸರ್? ಪರ್ಸೆಂಟ್ ಕೂಗುವುದು ಸ್ಕ್ರಿಪ್ಟಿನ ಪ್ರೋಗ್ರೆಸ್ ಬಾರ್. ಅದಕ್ಕೆ ಯಾವ ಸ್ಕ್ರೀನ್ ರೀಡರ್ ಆದರೇನು.

ಕೆಂಪಿರುವೆ
ಸ್ಕ್ರಿಪ್ಟಿನಲ್ಲೇ ಪ್ರೋಗ್ರೆಸ್ ಬಾರ್ ನಿಲ್ಲಿಸಬಹುದು, ಒಂದೇ ಸಾಲು. ಪೈಪ್‌ಲೈನಿನ ಪ್ರೋಗ್ರೆಸ್ ಬಾರ್ ಸೆಟ್ಟಿಂಗಿನಲ್ಲಿ ಡಿಸೇಬಲ್ ಅನ್ನು ಟ್ರೂ ಮಾಡಬೇಕು, ಅಕ್ಕನ ಮಗನಿಗೆ ಇಷ್ಟು ಹೇಳಿದರೆ ಗೊತ್ತಾಗುತ್ತದೆ. ಆಮೇಲೆ ಎನ್‌ವಿಡಿಎ ಮತ್ತು 5 ಒತ್ತಿ ಓದುವುದನ್ನು ಮತ್ತೆ ಶುರು ಮಾಡಿಕೊಳ್ಳಿ. ಹಳೆಯದು ಟರ್ಮಿನಲ್‌ನಲ್ಲಿ ಇನ್ನೂ ಇದ್ದರೆ ನಂಬರ್ ಪ್ಯಾಡಿನ 7 ಒತ್ತುತ್ತಾ ಒಂದೊಂದೇ ಸಾಲು ಹಿಂದಕ್ಕೆ ಹೋಗಿ.

ಇನ್ನೊಂದು ಸಾಲೂ ಸಿಗುತ್ತದೆ ನೋಡಿ. 1.5ರಲ್ಲಿ ಪ್ರಾಂಪ್ಟ್ ಓದುವ ಭಾಗ ಕ್ಲಿಪ್, ಅದು ಓದುವುದು 77 ಟೋಕನ್ (ಪದ, ಪದದ ತುಂಡು) ಮಾತ್ರ. ಅದಕ್ಕಿಂತ ಉದ್ದವಾದರೆ ಬಾಲ ಕತ್ತರಿಸಿ, ಇಷ್ಟು ಬಿಟ್ಟೆ ಅಂತ ಹೇಳುತ್ತದೆ. ನಿಮ್ಮ ಅರಿಸಿನ ಕೊನೆಯಲ್ಲಿದೆ. ಅದು ಒಳಗೆ ಹೋಗಿಯೇ ಇರಲಿಕ್ಕಿಲ್ಲ.

ಬಣ್ಣದ ಡಬ್ಬಿ
ಎರಡೂ ಸಾಲು ಸಿಕ್ಕವು. ಖುಷಿಗಿಂತ ಸಿಟ್ಟೇ ಜಾಸ್ತಿ ಬರುತ್ತಿದೆ. 981ರ ಸುಮಾರಿಗೆ ನಿಂತ ಮೂರ್ತಿ. ಮಕ್ಕಳು ಮರಿ ಎಲ್ಲ ಬೆಟ್ಟ ಹತ್ತಿ ಕೈ ಮುಗಿದು ಬರುತ್ತಾರೆ. ಅದು ಇದಕ್ಕೆ ಅಶ್ಲೀಲ ಅಂತೆ.

ಫ್ಯಾನ್ ಸದ್ದು
ಚೆಕ್ಕರ್ ಕಿತ್ತು ಬಿಸಾಕಿ. ಪೈಪ್‌ಲೈನ್ ಲೋಡ್ ಮಾಡುವಾಗ ಅದರ ಜಾಗದಲ್ಲಿ ನನ್ (None, ಅಂದರೆ ಏನೂ ಇಲ್ಲ) ಅಂತ ಕೊಟ್ಟರೆ ಆಯಿತು.

ಆರು ಚುಕ್ಕಿ
ಅಷ್ಟು ಸುಲಭಕ್ಕೆ ಹೇಳಬೇಡಿ. ಇದು ಕೇಳಿದ್ದನ್ನು ಬಿಟ್ಟು ಏನೇನೋ ಕೊಡುತ್ತದೆ. ನಮಗೆ ಕಾಣದೆ ಅದನ್ನೇ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರೆ?

ಫ್ಯಾನ್ ಸದ್ದು
ಕಾಣುವವರಿಗೊಂದು ನ್ಯಾಯ, ಕಾಣದವರಿಗೊಂದಾ? ಕಳಿಸುವ ಮುಂಚೆ ಆಪಿಗೆ ಕೇಳಿದರಾಯಿತು.

ಆರು ಚುಕ್ಕಿ
ಆ ಆಪ್ ಎಷ್ಟು ನಿಜ ಹೇಳುತ್ತದೆ ಅಂತ ನನಗೆ ಗೊತ್ತು ಬಿಡಿ.

ಕೆಂಪಿರುವೆ
ಜಗಳ ಬೇಡ. ಕೀಳದೆಯೂ ಆಗುತ್ತದೆ. ಪ್ರತಿ ಚಿತ್ರದ ಜೊತೆ ಚೆಕ್ಕರ್ ಹೌದು ಅಥವಾ ಇಲ್ಲ ಅಂತ ಉತ್ತರ ಕೊಟ್ಟಿರುತ್ತದೆ. ಹೌದು ಬಂದರೆ ಒಂದು ಬೀಪ್ ಹೊಡೆದು, ಸೀಡ್ ಒಂದು ಹೆಚ್ಚಿಸಿ ಮತ್ತೆ ಮಾಡು ಅಂತ ಸ್ಕ್ರಿಪ್ಟಿನಲ್ಲಿ ಬರೆಸಿ. ಜೊತೆಗೆ ಸೊಂಟದಿಂದ ಮೇಲೆ ಮಾತ್ರ ಕೇಳಿ. ಅಭಿಷೇಕ ಇಳಿಯುವುದು ತಲೆ ಭುಜದ ಮೇಲೇ ಅಲ್ವಾ? ಅರಿಸಿನವನ್ನು ಪ್ರಾಂಪ್ಟಿನ ಮೊದಲಿಗೆ ತನ್ನಿ.

ಬಣ್ಣದ ಡಬ್ಬಿ
ಬಂತು! ನಾಲ್ಕು ಬೀಪ್ ಆದ ಮೇಲೆ 430 ಕೆಬಿಯದು ಒಂದು. ಆದರೆ ಆಪ್ "ಹಳದಿ ದ್ರವ ಸುರಿಯುತ್ತಿರುವ ಬುದ್ಧನ ವಿಗ್ರಹ" ಅನ್ನುತ್ತದೆ. ಇನ್ನೊಂದು ಆಪ್ ತೋಳಿನ ಹತ್ತಿರ ಹಾವಿದೆ ಅನ್ನುತ್ತದೆ. ಚಿತ್ರ ತಪ್ಪೋ, ವಿವರಣೆ ತಪ್ಪೋ?

ಹಳೆ ರೇಡಿಯೊ
ಹಾವು ಅದರ ಕಲ್ಪನೆ. ಬಳ್ಳಿಯನ್ನು ಹಾವು ಅಂದಿದೆ.

ಕೆಂಪಿರುವೆ
ಮೂರ್ತಿಯಲ್ಲಿ ಹಾವು ಇರುವುದು ನಿಜ ಸರ್, ಕಾಲ ಬುಡದ ಹುತ್ತದಿಂದ ಹೊರಬರುವ ಹಾಗೆ ಕೆತ್ತಿದ್ದಾರೆ. ತೋಳಿನಲ್ಲಿರುವುದು ಬಳ್ಳಿ. ಮಾಡೆಲ್ ಎರಡನ್ನೂ ಕಲಸಿರಬಹುದು, ಇಲ್ಲ ಆಪ್ ತಪ್ಪು ನೋಡಿರಬಹುದು.

ಆರು ಚುಕ್ಕಿ
ನಾನು ಮಾಡುವುದು ಹೀಗೆ. ಆಪಿಗೆ ನನ್ನ ಪ್ರಾಂಪ್ಟ್ ಹೇಳುವುದೇ ಇಲ್ಲ. ಹೇಳಿದರೆ ಇಲ್ಲದ್ದನ್ನೂ ಹೌದು ಅನ್ನುತ್ತದೆ. ಮೊದಲು ಸುಮ್ನೆ ಏನಿದೆ ಅಂತ ಕೇಳುತ್ತೇನೆ. ಆಮೇಲೆ ಚಿತ್ರದಲ್ಲಿ ಇರಲು ಸಾಧ್ಯವೇ ಇಲ್ಲದ ಒಂದನ್ನು ಕೇಳುತ್ತೇನೆ, ಸೈಕಲ್ ಯಾವ ಬಣ್ಣದ್ದು ಅಂತ. ಕೆಂಪು ಅಂದರೆ ಆ ವಿವರಣೆಯನ್ನೇ ನಂಬುವುದಿಲ್ಲ. ಹಾವಿನ ಜಾಗವನ್ನು ಕ್ರಾಪ್ ಮಾಡಿ ಅದೊಂದನ್ನೇ ಕೊಡಿ. ಪ್ರದರ್ಶನಕ್ಕೆ ಹೋಗುವುದನ್ನು ಮಾತ್ರ ಶ್ರವಣಬೆಳಗೊಳ ನೋಡಿ ಬಂದ ಒಬ್ಬರಿಗಾದರೂ ತೋರಿಸಿ. ಬುದ್ಧ ಅಂದದ್ದು ಬಹುಶಃ ಚಿತ್ರದ್ದೇ ತಪ್ಪು. 1.5ಗೆ ಗುಂಗುರು ಕೂದಲಿನ ಶಾಂತ ಮುಖ ಕೇಳಿದರೆ ಬುದ್ಧನೇ ಬರುತ್ತಾನೆ.

ಹಳೆ ರೇಡಿಯೊ
ಇಷ್ಟೆಲ್ಲ ಮಾಡಿ ಕೊನೆಗೆ ಕಾಣುವವರನ್ನೇ ಕೇಳುವುದಾದರೆ ಇದು ಯಾವ ಕಲೆ? ನಮ್ಮ ಕಾಲದಲ್ಲಿ ಜೇಡಿಮಣ್ಣಿನಲ್ಲಿ ಮಾಡುತ್ತಿದ್ದೆವು, ಕೈಗೇ ಗೊತ್ತಾಗುತ್ತಿತ್ತು.

ಬಣ್ಣದ ಡಬ್ಬಿ
ಸರ್, ನನ್ನದು ಮೊದಲಿನಿಂದಲೂ ಬಣ್ಣ. ಮಣ್ಣಿನಲ್ಲಿ ಅರಿಸಿನ ಇಳಿಸಲು ಬರುವುದಿಲ್ಲ. ಕೈಗೆ ಸಿಗಬೇಕು ಅನ್ನುವುದನ್ನು ಒಪ್ಪುತ್ತೇನೆ. ಪ್ರದರ್ಶನದಲ್ಲಿ ಮುಟ್ಟಿ ನೋಡುವ ಪ್ರತಿಯೂ ಇಡಬೇಕೆಂದಿದ್ದೇನೆ. ಯಾರಾದರೂ ಮಾಡಿದ್ದೀರಾ?

ಆರು ಚುಕ್ಕಿ
ಬಿಸಿ ಕೊಟ್ಟರೆ ಉಬ್ಬುವ ಸ್ವೆಲ್ ಪೇಪರ್ ತರಿಸಿ. ಕಪ್ಪು ಶಾಯಿ ಬಿದ್ದಲ್ಲಿ ಮಾತ್ರ ಉಬ್ಬುತ್ತದೆ. ನಮ್ಮ ಮನೆಯಲ್ಲಿ ಹೀಟರೂ ಇದೆ, ಬ್ರೈಲ್ ಚುಕ್ಕಿ ಒತ್ತುವ ಎಂಬಾಸರೂ ಇದೆ. ಎಂಬಾಸರ್ ಶುರುವಾದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ.

ಫ್ಯಾನ್ ಸದ್ದು
ಚಿತ್ರದ ಅಂಚುಗಳ ಗೆರೆ ಪಡೆಯಲು ಕಂಟ್ರೋಲ್‌ನೆಟ್ಟಿನ ಕ್ಯಾನಿ ಬಳಸಿ. ನನ್ನ 3060ಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ.

ಕೆಂಪಿರುವೆ
ಕ್ಯಾನಿ ಕೊಡುವುದು ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆ. ಹಾಗೇ ಪ್ರಿಂಟ್ ಹಾಕಿದರೆ ಹಾಳೆ ಪೂರ್ತಿ ಉಬ್ಬಿ ಗೆರೆ ತಗ್ಗಿಗೆ ಹೋಗುತ್ತದೆ. ಮೊದಲು ಇನ್ವರ್ಟ್ ಮಾಡಿ. ಬಳ್ಳಿಯ ಸಣ್ಣ ಎಲೆಗಳನ್ನೆಲ್ಲ ಅಳಿಸಿ, ಬೆರಳಿಗೆ ಬರೀ ತರಕಲಾಗುತ್ತದೆ.

ಬಣ್ಣದ ಡಬ್ಬಿ
ಗೆರೆಗಳ ನಡುವೆ ಎಷ್ಟು ಜಾಗ ಬಿಡಬೇಕು? ಮೂರ್ತಿ 57 ಅಡಿ, ನನ್ನದು ಎ4 ಹಾಳೆ.

ಆರು ಚುಕ್ಕಿ
ಮೂರು ಮಿಲಿಮೀಟರಿಗಿಂತ ಕಡಿಮೆ ಬೇಡ. ಉಳಿದದ್ದಕ್ಕೆ ಹೊಸ ಚರ್ಚೆ ಶುರು ಮಾಡಿ. ಇದರ ತಲೆಬರಹ ಕಪ್ಪು ಚಿತ್ರ ಅಂತಿದೆ, ಸ್ವೆಲ್ ಪೇಪರ್ ಹುಡುಕುವವರಿಗೆ ಸಿಗುವುದಿಲ್ಲ.