ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿ: ಹೆಪಾ ಫಿಲ್ಟರ್ ಒಂದೇ ಸಾಕೇ?

ಪ್ರಶ್ನೆ: ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳನ್ನು ಸೋಸುವ ಹೆಪಾ ಫಿಲ್ಟರ್ ಅಳವಡಿಸಿದ ಮೇಲೂ ಶಸ್ತ್ರಚಿಕಿತ್ಸೆಯ ನಡುವೆ ಬಾಗಿಲು ತೆರೆಯಬಾರದೆಂದು ಸೋಂಕು ನಿಯಂತ್ರಣ ತಂಡದವರು ಪಟ್ಟು ಹಿಡಿಯುವುದೇಕೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಈ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ತಡೆಯುತ್ತದೆ, ನಿಜ. ಆದರೆ ಅದು ಶುದ್ಧಗೊಳಿಸುವುದು ತನ್ನ ಮೂಲಕ ಹಾದುಹೋಗುವ ಗಾಳಿಯನ್ನು ಮಾತ್ರ. ಕೊಠಡಿಯ ಗಾಳಿಯಲ್ಲಿರುವ ಬ್ಯಾಕ್ಟೀರಿಯಾಗಳ ಮುಖ್ಯ ಮೂಲ ಅಲ್ಲಿ ನಿಂತಿರುವ ಮನುಷ್ಯರೇ. ಅವರ ಚರ್ಮದಿಂದ ಸದಾ ಉದುರುವ ಸೂಕ್ಷ್ಮ ಹೊಟ್ಟು ಬ್ಯಾಕ್ಟೀರಿಯಾಗಳನ್ನು ಹೊತ್ತು ತೇಲಿ, ತೆರೆದ ಗಾಯದ ಮೇಲೋ ಉಪಕರಣಗಳ ಮೇಲೋ ಇಳಿಯುತ್ತದೆ. ಆದ್ದರಿಂದಲೇ ಗಂಟೆಗೆ ಸುಮಾರು 20 ಬಾರಿ ಗಾಳಿ ಬದಲಾಗುವಂತೆ ವ್ಯವಸ್ಥೆ ಮಾಡಿ, ಕೊಠಡಿಯ ಒತ್ತಡವನ್ನು ಹೊರಗಿನದಕ್ಕಿಂತ ತುಸು ಹೆಚ್ಚಿಡುತ್ತಾರೆ. ಬಾಗಿಲು ತೆರೆದಾಗ ಆ ಒತ್ತಡ ಕುಸಿಯುತ್ತದೆ; ಒಳಬಂದವರ ಹಿಂದೆಯೇ ಹೊರಗಿನ ಗಾಳಿಯೂ ನುಗ್ಗುತ್ತದೆ.

ಉತ್ತರ 2: ಹಾಗಾದರೆ ಸೋಸಿದ ಗಾಳಿಯನ್ನು ಸುಳಿಯಿಲ್ಲದೆ ಒಂದೇ ದಿಕ್ಕಿನಲ್ಲಿ ಹರಿಸುವ, ದುಬಾರಿಯಾದ ಲ್ಯಾಮಿನಾರ್ ಹರಿವಿನ ವ್ಯವಸ್ಥೆಯೇ ಪರಿಹಾರವಲ್ಲವೇ?

ಉತ್ತರ 1: ಅಷ್ಟು ಸರಳವಲ್ಲ. ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಲ್ಲಿ ಸೋಂಕು ತಗ್ಗಿಸಲೆಂದು ಅದನ್ನು ಬಳಸಬಾರದೆಂದೇ ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಸೂಚಿಸಿತು. ನನ್ನ ಅಭಿಪ್ರಾಯದಲ್ಲಿ, ಬೇಕಾದ ಸಾಮಗ್ರಿಯನ್ನೆಲ್ಲ ಮೊದಲೇ ಒಳಗಿಟ್ಟುಕೊಂಡು, ಅನಗತ್ಯ ಜನರನ್ನು ಹೊರಗಿಟ್ಟು, ಒತ್ತಡಮಾಪಕವನ್ನು ದಿನವೂ ಗಮನಿಸುವುದೇ ಹೆಚ್ಚು ಫಲಕಾರಿ.